ತೆರ್ತ್ಯ ಬರೆದ, ಪೌಲ ಹೇಳಿದ

ಬನಹಟ್ಟಿಯ ಕಾಂಚನಾ ದಿನಕ್ಕೆ ಆರು ತಾಸು ರಾಟಿ ತಿರುವಿ ಮಗ್ಗದ ಲಾಳಿಗೆ ಸೀರೆಯ ನೂಲಿನ ಕಂಡಿಕಿ ಸುತ್ತುತ್ತಾಳೆ. ಒಂದು ಕಾಲಿನಿಂದ ಮಗಳ ತೊಟ್ಟಿಲು ತೂಗುವುದೂ ಜೊತೆಗೇ ಸಾಗುತ್ತದೆ. ಸತ್ಯವೇದದ, ಅಂದರೆ ಬೈಬಲಿನ, ಭಾಗಗಳನ್ನು ಯಾರು, ಎಲ್ಲಿ ಕೂತು, ಯಾರಿಗಾಗಿ ಬರೆದರು ಎಂಬ ಪಾಠಗಳನ್ನು ಚರ್ಚಿನ ಸಭೆಯವರು ಅಂಚೆಯಲ್ಲಿ ತರಿಸಿದಾಗ ಕೊನೆಯವರೆಗೆ ಓದಿದವಳು ಆಕೆಯೊಬ್ಬಳೇ. ಹಾಗಾಗಿ ಬುಧವಾರದ ಹೆಂಗಸರ ಪ್ರಾರ್ಥನೆಯಲ್ಲಿ ಓದಿ ಹೇಳುವ ಕೆಲಸ ಆಕೆಗೇ ಬಂತು. ಪ್ರಾರ್ಥನೆ ನಡೆಯುವುದು ಅತ್ತೆ ಸುಂದರವ್ವನ ಪಡಸಾಲೆಯಲ್ಲಿ.

ಒಂದು ಬುಧವಾರ ಅಪೊಸ್ತಲ ಪೌಲನ ಪತ್ರವೊಂದನ್ನು ಓದಿ ಹೇಳುತ್ತಾ ಕಾಂಚನಾ ಅವಸರದಲ್ಲಿ ಅಂದುಬಿಟ್ಟಳು: "ರೋಮಾಪುರದವರಿಗೆ ಹೋದ ಈ ಪತ್ರ ಬರದಾಂವ ಪೌಲ ಅಲ್ರಿ, ತೆರ್ತ್ಯ." ಅಷ್ಟರಲ್ಲಿ ಮಗಳು ಅತ್ತಳು, ಮಾತು ಅಲ್ಲಿಗೇ ನಿಂತಿತು. ಹೆಂಗಸರು ಮುಖ ಮುಖ ನೋಡಿಕೊಂಡು ಎದ್ದರು.

"ನನ್ನ ಗಂಡ ಇದ ಪತ್ರ ಓದಿಸಿಕೊಂಡು ಕಣ್ಣ ಮುಚ್ಯಾನ," ಅಂದಳು ಸುಂದರವ್ವ. "ಪೌಲಂದಲ್ಲ ಅಂದ್ರ ಯಾರ ಮಾತ ನಂಬಿ ಹೋದ ಅಂತ ತಿಳಕೊಳ್ಳಲಿ? ಇನ್ನ ಬುಧವಾರ ಬರೇ ಹಾಡು. ನಿನ್ನ ಓದು ಸಾಕು."

ಕಾಂಚನಾಗೆ ಎರಡು ದಿನ ರೊಟ್ಟಿ ರುಚಿಸಲಿಲ್ಲ. ಆದರೆ ಹೇಳಿದ್ದು ಸುಳ್ಳಲ್ಲವೆಂದು ಆಕೆಗೆ ಗೊತ್ತಿತ್ತು. ಅರ್ಧ ಹೇಳಿದ್ದಳು, ಅಷ್ಟೇ. ಶುಕ್ರವಾರ, ರಾಟಿ ತಿರುವುತ್ತಿದ್ದ ಅತ್ತೆಯ ಎದುರಿಗೇ ತನ್ನ ರಾಟಿಯನ್ನೂ ಎಳೆದುಕೊಂಡು ಕೂತಳು.

"ಅತ್ತಿ, ಗಲಗಲಿ ಊರಾಗಿನ ನಿಮ್ಮ ತಂಗಿಗೆ ಕಾಗದ ಹಾಕತಿದ್ರಲ್ಲ, ಯಾರ ಬರಿತಿದ್ರು?"

"ನನಗೆಲ್ಲಿ ಅಕ್ಷರ ಬೇ? ಮಗ್ಗಕ್ಕ ಹಾಸಿನ ನೂಲು ತರೋ ಶಿದ್ರಾಮಪ್ಪ ಬರಿತಿದ್ದ. ನಾ ಕಂಡಿಕಿ ಸುತ್ತಕೋತ ಹೇಳಾಕಿ. 'ನಿಧಾನ ಹೇಳವಾ, ಕೈ ನೋಯ್ತದ' ಅಂತಿದ್ದ."

"ಹಂಗಾರ ಕಾಗದ ಶಿದ್ರಾಮಪ್ಪಂದೇನ್ರಿ?"

"ಅಂವಂದ್ಹೆಂಗಾಗ್ತದ? ಸಿಟ್ಟು ನಂದು, ಅಳು ನಂದು. ಕಡೀಕ 'ಶಿದ್ರಾಮಪ್ಪನ ಶರಣು' ಅಂತ ತನ್ನದೊಂದು ಸಾಲು ತುರುಕತಿದ್ದ, ಲಬಾಡ."

ಕಾಂಚನಾ ಸತ್ಯವೇದ ತೆಗೆದು ಆ ಪತ್ರದ ಕೊನೆಯ ಭಾಗ ಓದಿದಳು. ಅಲ್ಲಿ ತೆರ್ತ್ಯನೂ, ಪತ್ರ ಬರೆದವನು ತಾನೆಂದು ಹೇಳಿ, ತನ್ನದೊಂದು ವಂದನೆ ಸೇರಿಸಿದ್ದ.

ಸುಂದರವ್ವನ ರಾಟಿ ನಿಂತಿತು. "ಇಂವನೂ ತುರುಕ್ಯಾನಲಾ."

"ಪೌಲ ಹೇಳಿದ, ಇಂವ ಬರದ. ಅದು ತಿಳದಮ್ಯಾಲೆ ನನಗಿದು ಎದುರು ಕುಂತು ಮಾತಾಡಿದಂಗ ಕೇಳ್ತದ್ರಿ. ಒಂದ ಉಸರಿನ್ಯಾಗ ಹೇಳಕೋತ ಹೋಗ್ತಾನ, ನಡುವ ದೇವರನ್ನ ನೆನದು ತಾನ ಆಮೆನ್ ಅಂತಾನ."

ಸುಂದರವ್ವ ಗಂಡ ಕೊನೆಗೆ ಕೇಳಿದ್ದ ಎಂಟನೆಯ ಅಧ್ಯಾಯ ತೆಗೆಸಿದಳು. "ಮೊನ್ನಿಯಂಗ ಓಡಬ್ಯಾಡ. ಮನಶ್ಯಾ ಮಾತಾಡಿದಂಗ ಓದು."

ಕಾಂಚನಾ ಹಾಗೇ ಓದಿದಳು. ಮುಗಿದ ಮೇಲೆ ಸುಂದರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ದೇವರ ಮಾತು ನಮ್ಮ ತನಕಾ ಬರಾಕ ಎಷ್ಟು ಮಂದಿ ದುಡದಾರ ನೋಡು. ನನ್ನ ಗಂಡ ಖರೇದ್ದ ಕೇಳಿ ಹೋಗ್ಯಾನ. ಬುಧವಾರ ನೀನ ಓದು, ಆದ್ರ ಪೂರಾ ಹೇಳು. ಉಳದ ಹೆಣಮಕ್ಕಳಿಗೆ ನಾನ ತಿಳಿಸಿ ಬರ್ತೇನಿ."

ಅಂದವಳು ಚಪ್ಪಲಿ ಮೆಟ್ಟಿ ಓಣಿಗೆ ಇಳಿದಳು.