ಗೋದಾಬಾಯಿಯವರ ಎಡಗೆನ್ನೆಯ ನೆರಳು

ವಿಶಾಲಾಕ್ಷಿ, ಚಿತ್ರಕಲಾ ಉಪನ್ಯಾಸಕಿ

ರೇಷ್ಮೆಬಟ್ಟೆಯ ಮೇಲೆ ಮಸಿಯಿಂದ ಗೆರೆಯೆಳೆಯುವ ಜಪಾನಿನ ಹಳೆಯ ಪದ್ಧತಿಗೆ ಪಶ್ಚಿಮದ ನೆರಳು-ಬೆಳಕನ್ನು ಹೊಂದಿಸಿದ ಚಿತ್ರಕಾರರಲ್ಲಿ ನಮ್ಮ ಗುರುಗಳಾದ ಶ್ರೀ ಸೆಯ್ಜಿ ಕುರಾಮೊಟೊ ಅವರದು ದೊಡ್ಡ ಹೆಸರು. 1967ರಲ್ಲಿ ಹೈದರಾಬಾದಿನ ನಮ್ಮ ಕಲಾಶಾಲೆಗೆ ಅಧ್ಯಾಪಕರಾಗಿ ಬಂದ ಅವರು ಮಲ್ಕಾಜ್‌ಗಿರಿಯ ಗೋದಾಬಾಯಿಯವರ ಮನೆಯಲ್ಲಿ ಬಾಡಿಗೆಗಿದ್ದು, ಆ ತಾಯಿಯ ಜೋಳದ ರೊಟ್ಟಿಯೊಂದಿಗೆ ಕನ್ನಡವನ್ನೂ ಅರಗಿಸಿಕೊಂಡರು. ಈ ತಿಂಗಳು ನಿವೃತ್ತರಾಗುತ್ತಿರುವ ಅವರ ಸಾಧನೆಗಳನ್ನು ಈ ಅಭಿನಂದನಾ ಸಂಚಿಕೆಯಲ್ಲಿ ಉಳಿದವರು ಬರೆದಿದ್ದಾರೆ. ನಾನು ಬರೆಯಬೇಕಾದದ್ದು ಒಂದೇ ಮಧ್ಯಾಹ್ನದ ಸಂಗತಿ.

1974ರ ಜನವರಿ. ನಾಂಪಲ್ಲಿಯ ಸಭಾಂಗಣವೊಂದರಲ್ಲಿ ಸಂಜೆ ಐದಕ್ಕೆ ಗುರುಗಳ ಮೊದಲ ಪ್ರದರ್ಶನ. ನಾನಾಗ ಅವರ ವಿದ್ಯಾರ್ಥಿನಿ. ಮೂರು ಗಂಟೆಗೆ ಗೋದಾಬಾಯಿಯವರ ಭಾವಚಿತ್ರದೆದುರು ಒಬ್ಬಳೇ ನಿಂತಿದ್ದ ನನಗೆ ಎಡಗೆನ್ನೆಯ ಮೇಲೆ ಕಂದುಬಣ್ಣದ ಕೊಳೆ ಕಂಡಿತು. ಜಪಾನಿನ ಹಳೆಯ ಚಿತ್ರಗಳಲ್ಲಿ ನೆರಳೇ ಇರುವುದಿಲ್ಲವೆಂದು ಪುಸ್ತಕದಲ್ಲಿ ಓದಿದ್ದ ಮಹಾಜಾಣೆ ನಾನು, ಒದ್ದೆ ಹತ್ತಿಯಿಂದ ಅದನ್ನು ಒರೆಸಿಬಿಟ್ಟೆ. ಅದು ಗುರುಗಳು ಮೂರು ತಿಂಗಳು ಪದರಪದರವಾಗಿ ಕೂಡಿಸಿದ ನೆರಳೆಂದು ಹೊಳೆಯುವಷ್ಟರಲ್ಲಿ ಕೆನ್ನೆ ಬೋಳಾಗಿತ್ತು.

ಒಳಗೆ ಬಂದ ಪ್ರಾಚಾರ್ಯ ಹನುಮಂತರಾಯರು ಚಿತ್ರವನ್ನು ನೋಡಿ, ಆಗತಾನೇ ಬಂದು ಪಕ್ಕದಲ್ಲಿ ಧೂಳು ಒರೆಸುತ್ತಿದ್ದ ಜವಾನ ಬಂಡೆಪ್ಪನವರ ಮೇಲೆ ಹರಿಹಾಯ್ದರು. "ನಾಳಿಂದ ಕೆಲಸಕ್ಕ ಬರಬ್ಯಾಡ!"

"ದೇವರಾಣಿ, ನಾ ಮುಟ್ಟಿಲ್ರೀ ಸಾಹೇಬ್ರ. ಮನ್ಯಾಗ ಮೂರು ಮಕ್ಕಳದಾವ್ರಿ," ಎಂದು ಬಂಡೆಪ್ಪನವರು ಕೈಮುಗಿದರು. ಕಲಾಶಾಲೆಯಿಂದ ನನ್ನನ್ನೇ ಹೊರಹಾಕಿಯಾರೆಂಬ ಭಯದಿಂದ ನಾನು ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ಬಂದ ಗುರುಗಳು ಚಿತ್ರವನ್ನು ನೋಡಿದರು, ನನ್ನ ಬೆರಳ ತುದಿಯ ಕಂದುಬಣ್ಣವನ್ನೂ ನೋಡಿದರು. ಆಮೇಲೆ ರಾಯರತ್ತ ತಿರುಗಿ, "ಬಂಡೆಪ್ಪಂದೇನೂ ತಪ್ಪಿಲ್ರಿ. ನಾನಽ ಒರೆಸೀನಿ. ನೆರಳು ಭಾಳ ಆಗಿತ್ತು," ಎಂದರು. ತಮ್ಮ ಕರವಸ್ತ್ರವನ್ನು ನನ್ನ ಕೈಗಿತ್ತು ಹೊರನಡೆದರು.

ಚಿತ್ರ ಹಾಗೆಯೇ ಗೋಡೆಯೇರಿತು. ಎರಡು ಪದ್ಧತಿಗಳಲ್ಲಿ ಒಂದೂ ಕೈಹತ್ತದ ಕಲಾವಿದನೆಂದು ಪತ್ರಿಕೆಯೊಂದು ಆಡಿಕೊಂಡಿತು. ಗುರುಗಳು ಅದನ್ನು ನುಂಗಿಕೊಂಡು ನನಗೆ ಪಾಠ ಹೇಳಿದರು, ನೌಕರಿಗೆ ಶಿಫಾರಸು ಬರೆದರು. ಆದರೆ ಗುರುಗಳು ಬಂಡೆಪ್ಪನವರನ್ನು ಉಳಿಸಲು ಸುಳ್ಳು ಹೇಳಿದರೆಂದೇ ಎಲ್ಲರೂ ನಂಬಿದ್ದರಿಂದ, ಚಿತ್ರ ಕೆಡಿಸಿದವನೆಂಬ ಹೆಸರು ಬಂಡೆಪ್ಪನವರಿಗೆ ಅಂಟಿಯೇ ಉಳಿಯಿತು. ಹಾಗೆ ಇಪ್ಪತ್ತೈದು ವರ್ಷ ಕಳೆದವು. ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಗುರುಗಳು ಆರೋಗ್ಯದಿಂದ ನೂರು ವರ್ಷ ಬಾಳಲಿ. ಬಿಡುವಾದ ಕೈಗಳಿಂದ ಆ ಕೆನ್ನೆಗೆ ನೆರಳನ್ನು ಮರಳಿ ಬರೆಯಲಿ. ಮಸಿ ತೇಯಲು ನಾನು ಕೂರುತ್ತೇನೆ. ಬೀಳ್ಕೊಡುಗೆ ಸಮಾರಂಭದ ದಿನ ಬಂಡೆಪ್ಪನವರಿಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದೇನೆ. ಈ ಲೇಖನವನ್ನು ಅವರೆದುರಿಗೆ ನಾನೇ ಓದುತ್ತೇನೆ.