ಹುರುಳಿ ಹರಡದ ರಸ್ತೆ

ಮೊದಲ ದಿನ ಬೆಟ್ಟ ಹತ್ತುತ್ತಿದ್ದಾಗ ಬೆನ್ನ ಹಿಂದೆ ಒಂದು ಕಾರು ಬಂತು. ಬಂದದ್ದು ಮುಂದೆ ಹೋಗಲಿಲ್ಲ, ಹಾರನ್ನೂ ಮಾಡಲಿಲ್ಲ. ತಿರುವಿನ ಮೇಲೆ ತಿರುವು ಕಳೆದರೂ ಸುಮ್ಮನೆ ಹಿಂದೆಯೇ ಬರುತ್ತಿತ್ತು. ನನಗೆ ಹೆದರಿಕೆಯಾಗಿ ಸೈಕಲ್ಲಿನಿಂದ ಇಳಿದು ಪಕ್ಕಕ್ಕೆ ನಿಂತೆ. ಕಾರೂ ನಿಂತಿತು. ಒಳಗಿದ್ದ ಮುದುಕ ಗಾಜು ಇಳಿಸಿ ಏನೋ ಕೇಳಿದ. ಹಿಂದಿನಿಂದ ಬಂದ ಜೊತೆಯ ಹುಡುಗಿ ನಕ್ಕು ತಿಳಿಸಿದಳು: ಆತ ಕೇಳಿದ್ದು ನೀನು ಹುಷಾರಾಗಿದ್ದೀಯಾ ಎಂದು, ಇಲ್ಲಿ ದಾಟಲು ಜಾಗ ಸಿಗುವವರೆಗೆ ಸೈಕಲ್ಲಿನ ಹಿಂದೆ ಕಾಯುತ್ತಾರೆ. ನಮ್ಮ ಜಾವಗಲ್ ರಸ್ತೆಯಲ್ಲಿ ಹಾರನ್ ಹೊಡೆಯದೆ ಹಿಂದೆ ಬರುವವನು ಒಂದೋ ನೆಂಟ, ಇಲ್ಲವೇ ಕಳ್ಳ.

ಇದು ಸ್ಪೇನ್ ದೇಶದ ಕಡಲ ದಡದ ಸಣ್ಣ ಊರು. ಸೈಕಲ್ ರೇಸಿನಲ್ಲಿ ಮುಂದೆ ಬರಬೇಕೆನ್ನುವವರು ಯೂರೋಪಿನ ಎಲ್ಲೆಡೆಯಿಂದ ಚಳಿಗಾಲದ ತರಬೇತಿಗೆ ಇಲ್ಲಿಗೆ ಬರುತ್ತಾರೆ. ಅವರ ಊರಿನ ರಸ್ತೆಗಳ ಮೇಲೆ ಆಗ ಹಿಮ ಕೂತಿರುತ್ತದೆ. ನಮ್ಮ ರಸ್ತೆಗಳ ಮೇಲೆ ಹುರುಳಿ ಕೂತಿರುತ್ತದೆ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಕಣ ಮಾಡಿ ಸಗಣಿ ಸಾರಿಸುವ ತಾಳ್ಮೆ ನಮ್ಮಲ್ಲಿ ಈಗ ಯಾರಿಗಿದೆ? ಕೊಯ್ದ ರಾಗಿ, ಹುರುಳಿಯನ್ನು ಟಾರು ರಸ್ತೆಗೇ ಹರಡುತ್ತಾರೆ. ಬಸ್ಸು, ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಸಣ್ಣ ಟೈರಿನ ಸೈಕಲ್ಲು ಆ ಸೊಪ್ಪಿನ ಮೇಲೆ ಹತ್ತಿದರೆ ಎಣ್ಣೆಯ ಮೇಲೆ ಕಾಲಿಟ್ಟ ಹಾಗೆ.

ಹೋದ ವರ್ಷ ಹಳೇಬೀಡಿನಿಂದ ಜೋರಾಗಿ ಬರುತ್ತಿದ್ದವಳು ಹಾಗೆಯೇ ಜಾರಿ ಬಿದ್ದು ಭುಜದ ಮೂಳೆ ಮುರಿದುಕೊಂಡೆ. ಹುರುಳಿ ಬೇರೆಯವರದ್ದಲ್ಲ, ನಮ್ಮದೇ. ಹರಡಿದ್ದವರು ನನ್ನ ಅಣ್ಣನ ಹೆಂಡತಿ, ಸಾವಿತ್ರಿ ಅತ್ತಿಗೆ. ದಿನಾ ಬೆಳಿಗ್ಗೆ ಮೊಪೆಡ್ಡಿನಲ್ಲಿ ನನ್ನ ಮುಂದೆ ಮುಂದೆ ಹೋಗಿ ನನಗೆ ವೇಗ ಹತ್ತಿಸಿದವರೂ ಅವರೇ. ಆಸ್ಪತ್ರೆಗೆ ಬಂದ ನನ್ನ ತರಬೇತುದಾರರು ಅತ್ತಿಗೆಯ ಎದುರಿಗೇ, "ಈ ರಸ್ತೇಲಿ ಇವಳು ಉದ್ಧಾರ ಆಗಲ್ಲ" ಎಂದುಬಿಟ್ಟರು. ಅತ್ತಿಗೆ ಫ್ಲಾಸ್ಕಿನ ಮುಚ್ಚಳ ತಿರುವುತ್ತಾ ತಲೆ ತಗ್ಗಿಸಿ ನಿಂತಿದ್ದರು. ಆ ಮಾತೇ ಕೊನೆಗೆ ನನ್ನನ್ನು ಇಲ್ಲಿಗೆ ತಂದು ಬಿಟ್ಟಿತು.

ಇಲ್ಲಿ ನಾಲ್ವರು ಹುಡುಗಿಯರಿಗೆ ಒಂದು ಮನೆ. ಸೈಕಲ್ಲುಗಳೂ ನಮ್ಮ ಜೊತೆ ಒಳಗೇ ಮಲಗುತ್ತವೆ. ಭಾಷೆ ಬಾರದ್ದಕ್ಕೆ ಮೊದಮೊದಲು ಅಂಗಡಿಗೂ ಹೋಗದೆ ತಪ್ಪಿಸಿಕೊಳ್ಳುತ್ತಿದ್ದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಮನೆಯ ಒಡತಿ ಪಿಲಾರ್ ಒಂದು ದಿನ ಮೆಟ್ಟಿಲ ಮೇಲೆ ಹಿಡಿದಳು. 'ಪೊಕೊ ಅ ಪೊಕೊ' ಎಂದು ಕಲಿಸಿದಳು. ಹಾಗೆಂದರೆ ನಿಧಾನಕ್ಕೆ, ಸ್ವಲ್ಪ ಸ್ವಲ್ಪವಾಗಿ. ಈಗ ಬ್ರೆಡ್ಡು, ಮೊಟ್ಟೆ ಕೇಳಿ ತರುತ್ತೇನೆ. ಊರಿಂದ ತಂದ ರಾಗಿ ಹಿಟ್ಟಿನಲ್ಲಿ ಮುದ್ದೆ ಕಟ್ಟಿದರೆ ಪಿಲಾರ್ ಅದನ್ನು ಅಗಿದು ಅಗಿದು ಸೋತಳು. ನುಂಗುವುದನ್ನು ನಾನು ಅವಳಿಗೆ ಕಲಿಸಿದೆ. ರಸ್ತೆ ಬದಿಯಲ್ಲಿ ಕಿತ್ತಳೆ ಉದುರಿ ಕೊಳೆಯುತ್ತಿರುತ್ತವೆ, ಯಾರೂ ಎತ್ತುವುದಿಲ್ಲ. ನಮ್ಮಲ್ಲಿ ಬೇಲಿಯಾಚೆ ಒಂದು ತೆಂಗಿನಕಾಯಿ ಬಿದ್ದರೆ ಎರಡು ಮನೆಯವರು ಮಾತು ಬಿಡುತ್ತಾರೆ.

ಒಂದು ಬೆಳಿಗ್ಗೆ ಅತ್ತಿಗೆಯ ವಯಸ್ಸಿನ ಹೆಂಗಸೊಬ್ಬಳು ಏರಿನಲ್ಲಿ ಸೈಕಲ್ ತುಳಿಯುತ್ತಾ ನನ್ನನ್ನು ದಾಟಿ, 'ಓಲಾ' ಎಂದು ನಮಸ್ಕಾರ ಹೇಳಿ ಹೋದಳು. ಅವಳಿಗೆ ಯಾವ ರೇಸೂ ಇಲ್ಲ, ಖುಷಿಗೆ ತುಳಿಯುತ್ತಾಳೆ. ಊರಿನಲ್ಲಿ ಒಕ್ಕಣೆಗೆ ಒಬ್ಬ ಆಳು ಸಿಗದೆ ಪರದಾಡುವ ಹೊತ್ತಿನಲ್ಲಿ ನಾನೂ ಇಲ್ಲಿ ಸೈಕಲ್ ತುಳಿಯುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಮನೆಗೆ ಬಂದವಳೇ ಅತ್ತಿಗೆಗೆ ವಿಡಿಯೋ ಕಾಲ್ ಮಾಡಿದೆ.

ಅತ್ತಿಗೆ ಅಂಗಳದಲ್ಲಿ ಕೂತು ಕೋಲಿನಿಂದ ಹುರುಳಿ ಬಡಿಯುತ್ತಿದ್ದರು.

"ಇದೇನತ್ಗೆ, ಕೈಯಲ್ಲಿ ಬಡೀತಿದ್ದೀರ? ರಸ್ತೆಗೆ ಹಾಕ್ಲಿಲ್ವಾ?"

"ಹಾಕಿಲ್ಲ ಕಣೇ. ಸಂಕ್ರಾಂತಿಗೆ ಬತ್ತೀಯಲ್ಲ, ರಸ್ತೆ ಖಾಲಿ ಇರ್ಲಿ ಅಂತ. ಪಕ್ಕದ ಹೊಲದೋರ್ಗೂ ಹೇಳಿವ್ನಿ, ನಮ್ಮುಡ್ಗಿ ಸೈಕಲ್ ಓಡಿಸ್ತಾಳೆ, ಇಲ್ಲಿ ಹಾಕ್ಬ್ಯಾಡ್ರಿ ಅಂತ."

ಹಿಂದಿನಿಂದ ಅಣ್ಣನ ಗೊಣಗಾಟ ಕೇಳಿತು: "ಭುಜ ಹಿಡ್ಕಂಡೈತೆ ಅವಳ್ಗೆ. ಹೇಳಿದ್ರೆ ಕೇಳಲ್ಲ."

"ನೀವು ಸುಮ್ಕಿರ್ರೀ," ಎಂದರು ಅತ್ತಿಗೆ.

ನನ್ನ ಮೂಳೆ ಕೂಡಿ ವರ್ಷವಾಗುತ್ತ ಬಂತು. ಈಗ ನನಗಾಗಿ ಅವರ ಭುಜ ಹೋಗುತ್ತಿತ್ತು. ಅದೂ ಯಾವುದಕ್ಕೆ? ಆ ವಾರವಷ್ಟೇ ಇಲ್ಲಿಯ ತಂಡದವರು, ಬೇಸಿಗೆಯ ರೇಸು ಮುಗಿಯುವವರೆಗೆ ಇರುತ್ತೀಯಾ ಎಂದು ಕೇಳಿದ್ದರು. ಮನೆಯವರನ್ನು ಒಂದು ಮಾತೂ ಕೇಳದೆ ಹೂಂ ಎಂದಿದ್ದೆ. ಅದನ್ನು ಹೇಳದಿದ್ದರೆ ಅತ್ತಿಗೆ ಬಡಿಯುತ್ತಲೇ ಇರುತ್ತಾರೆ. ಹೇಳಿದರೆ ಈ ಹಬ್ಬಕ್ಕೆ ಅವರ ಪಾಲಿಗೆ ನಾನಿಲ್ಲ.

"ಅತ್ಗೆ, ಹುರುಳೀನ ರಸ್ತೆಗೇ ಹಾಕ್ಬಿಡಿ."

ಕೋಲು ನಿಂತಿತು. "ಯಾಕೆ, ಹಬ್ಬಕ್ಕೆ ಬರಲ್ವಾ?"

"ಇಲ್ಲ. ಇಲ್ಲೇ ಇರು ಅಂದ್ರು. ಹೂಂ ಅಂದ್ಬಿಟ್ಟೆ."

ಅತ್ತಿಗೆ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡರು. ಒರೆಸಿದ್ದು ಧೂಳನ್ನಷ್ಟೇ ಎಂದು ನಂಬಲು ನಾನು ಬಹಳ ಪ್ರಯತ್ನಪಟ್ಟೆ. "ಒಳ್ಳೇದಾಯ್ತು ಬುಡು. ಎಳ್ಳು ಬೆಲ್ಲ ಅಲ್ಲೇ ಏನಾರ ಮಾಡ್ಕೊ," ಎಂದರು.

ಮರುದಿನ ಫೋನಿಗೆ ಒಂದು ಫೋಟೋ ಬಂತು. ನಮ್ಮ ಹೊಲದ ಮುಂದಿನ ರಸ್ತೆ. ಹುರುಳಿ ಹರಡಿದ್ದರು, ಆದರೆ ಒಂದೇ ಮಗ್ಗುಲಿಗೆ. ಇನ್ನೊಂದು ಮಗ್ಗುಲನ್ನು ಒಂದು ಕಡ್ಡಿಯೂ ಇಲ್ಲದ ಹಾಗೆ ಪೊರಕೆಯಿಂದ ಗುಡಿಸಿದ್ದರು. ಕೂಡಲೇ ಫೋನ್ ಮಾಡಿದೆ.

"ಅರ್ಧಕ್ಕೇ ಯಾಕತ್ಗೆ ಹಾಕಿದ್ದೀರ?"

"ಅರ್ಧ ಸಾಕು ಕಣೇ. ಇನ್ನರ್ಧ ನಿಂಗಿರ್ಲಿ. ಯಾವತ್ತು ಬತ್ತೀಯೋ ಯಾರಿಗ್ಗೊತ್ತು."

ಅವತ್ತು ಸಂಜೆ ಬೆಟ್ಟ ಇಳಿಯುವಾಗ ಪ್ರತಿ ತಿರುವಿನಲ್ಲೂ ನನ್ನ ಬೆರಳು ಬ್ರೇಕಿನ ಮೇಲೇ ಇತ್ತು. ಹಿಂದೆ ಒಂದು ಕಾರು ತಾಳ್ಮೆಯಿಂದ ಕಾಯುತ್ತಾ ಬಂತು. ಇಲ್ಲಿಯ ರಸ್ತೆ ಪೂರ್ತಿ ಖಾಲಿ. ಆದರೆ ನನಗೆಂದು ಅದನ್ನು ಯಾರೂ ಗುಡಿಸಿ ಬಿಟ್ಟದ್ದಲ್ಲ.