ಬಾಣಂತಿ ಕೋಣೆಯ ಬೆಳಕಿಂಡಿ

ಪಂಪಾಪತಿಯಂಥ ಇನ್ನೊಬ್ಬ ಪುಕ್ಕಲನನ್ನು ರಾಯಚೂರು ಜಿಲ್ಲೆಯಲ್ಲಿ ನಾನು ಕಂಡಿಲ್ಲ. ಇದನ್ನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ, ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ನನ್ನ ಹೆಸರು ಗುಲಾಮ್ ದಸ್ತಗೀರ್. ರಾಯಚೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ, ಪಂಪಾಪತಿ ನನ್ನ ಕಾಯಂ ಗಿರಾಕಿ. ಹೈದರಾಬಾದಿನ ಒಂದು ಕಂಪನಿಯ ಪರವಾಗಿ ಅವನು ಹಳೆಯ ಮನೆಗಳೊಳಗಿನ ಗಾಳಿ ಪರೀಕ್ಷೆ ಮಾಡುತ್ತಾನೆ. ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ ನಾನು ಎ.ಸಿ. ಹಾಕಿದರೆ ಈ ಮಹಾರಾಯ ಕಿಟಕಿ ಇಳಿಸಿ ಕೂರುತ್ತಾನೆ. ಮದುವೆ ಮನೆಯಲ್ಲಿ ಜನರೇಟರ್ ಎಲ್ಲಿಟ್ಟಿದ್ದಾರೆ ಎಂದು ನೋಡಿಕೊಂಡು ಆಮೇಲೆ ಊಟಕ್ಕೆ ಎಲೆ ಮುಂದೆ ಕೂರುವ ಮನುಷ್ಯ ಅವನು.

ಈ ಹೆದರಿಕೆ ಅವನಿಗೆ ಸಣ್ಣವನಿದ್ದಾಗ ಕಲ್ಲೂರಿನಲ್ಲಿ ಹತ್ತಿದ್ದು. ಅವರ ಮನೆಯ ಅಂಗಳದಲ್ಲಿ ಜೋಳ ತುಂಬಿಡುವ ಹಗೇವು ಇತ್ತು. ನೆಲದೊಳಗೆ ಬಾವಿಯ ಹಾಗೆ ತೋಡಿ, ಬಾಯಿ ಮುಚ್ಚಿ ಮಣ್ಣು ಮೆತ್ತುವ ಕಣಜ ಅದು. ಮುಚ್ಚಳ ತೆಗೆದ ಮೇಲೆ ಒಳಗಿನ ಕೆಟ್ಟ ಗಾಳಿ ಹೋಗಲಿ ಎಂದು ಎಲ್ಲರೂ ಕಾಯುತ್ತಾರೆ. ಅವನ ಚಿಕ್ಕಪ್ಪನಿಗೆ ಸಂತೆಗೆ ಹೊತ್ತಾಗಿತ್ತು, ಕಾಯದೆ ಇಳಿದ. ಮೇಲಿನಿಂದ ಬಗ್ಗಿ ನೋಡುತ್ತಿದ್ದ ಹುಡುಗ ಪಂಪಾಪತಿಗೆ ಚಿಕ್ಕಪ್ಪ ಜೋಳದ ಮೇಲೆ ಸುಮ್ಮನೆ ಮಲಗಿದ್ದು ಕಂಡಿತು. ಒದ್ದಾಟವಿಲ್ಲ, ಕೂಗಿಲ್ಲ. ಹುಡುಗ ಹೋಗಿ ದೊಡ್ಡವರಿಗೆ, "ಕಾಕಾ ಮಲಕ್ಕೊಂಡಾನ" ಎಂದನಂತೆ. ಅಂದಿನಿಂದ ಅವನಿಗೆ ಯಾರಾದರೂ ಸದ್ದಿಲ್ಲದೆ ಮಲಗಿದ್ದರೆ ಜೀವ ಬಾಯಿಗೆ ಬರುತ್ತದೆ. ಲಗ್ನವಾದ ಹೊಸದರಲ್ಲಿ ಹೆಂಡತಿ ವಿಜಯಲಕ್ಷ್ಮಿಯ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತಿದ್ದನಂತೆ. ಆಕೆಯೇ ನಗುತ್ತ ಹೇಳಿದ್ದು.

ಕೆಲಸ ಮಾತ್ರ ಅಚ್ಚುಕಟ್ಟು. ರಾಯಚೂರು ಕೋಟೆಯ ಸುತ್ತಲಿನ ಹಳೆಯ ಕಲ್ಲಿನ ಮನೆಗಳಲ್ಲಿ ಮಕ್ಕಳ ಕೆಮ್ಮು ನಿಲ್ಲದಿದ್ದಾಗ ಡಾಕ್ಟರು ಇವನ ನಂಬರ್ ಕೊಡುತ್ತಾರೆ. ಇವನು ಹೋಗಿ ಒಂದೊಂದು ಕೋಣೆಯಲ್ಲೂ ಮಷೀನು ಇಟ್ಟು, ಕದ ಹಾಕಿ, ಹೊರಗೆ ಕೂತು ಕಾಯುತ್ತಾನೆ. ಅಲ್ಮಾರಿಯ ಹಿಂದಿನ ಬೂಷ್ಟು, ಸೋರುವ ಗ್ಯಾಸು, ಪಕ್ಕದ ಮಿಲ್ಲಿನ ಹೊಟ್ಟಿನ ಧೂಳು, ಎಲ್ಲ ಪತ್ತೆಯಾಗುತ್ತವೆ. ಮನೆಯವರು ಚಹಾ ಕೊಟ್ಟು, ಕಣ್ಣಿಗೆ ಕಾಣದ್ದನ್ನು ಇವನು ಏನು ನೋಡುತ್ತಾನೋ ಎಂದು ತಮ್ಮತಮ್ಮಲ್ಲೇ ನಗುತ್ತಾರೆ.

ವಿಜಯಲಕ್ಷ್ಮಿ ಬಸುರಿಯಾದಾಗ ಅವನು ದೇವದುರ್ಗದ ಮಾವನ ಮನೆಯನ್ನೂ ಬಿಡಲಿಲ್ಲ. ಮಾವ ತೀರಿಕೊಂಡಿದ್ದರು. ಅತ್ತೆ ಪಾರ್ವತೆಮ್ಮ ಮತ್ತು ಅವರ ತಾಯಿ ಆದೆಮ್ಮಜ್ಜಿ ಇಬ್ಬರೇ ಇರುವ, ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಹಳೆ ಮನೆ. ಹೆರಿಗೆಯಾದ ಮೇಲೆ ತಾಯಿ ಮಗು ಇರಬೇಕಾದ ಒಳಕೋಣೆಗೆ ಕಿಟಕಿ ಒಂದೇ, ಮೇಲೆ ಮಾಳಿಗೆಯ ಚಾವಣಿಯಲ್ಲಿ ಒಂದು ಬೆಳಕಿಂಡಿ. ರಸ್ತೆಯ ಲಾರಿಗಳ ಧೂಳೆಲ್ಲ ಆ ಬೆಳಕಿಂಡಿಯಿಂದ ಇಳಿಯುತ್ತದೆ ಎಂದು ಮಷೀನು ತೋರಿಸಿತು. ಕೂಸಿಗೆ ಈ ಧೂಳು ಒಳ್ಳೆಯದಲ್ಲ ಎಂದು ಪಂಪಾಪತಿ ಹಟ ಹಿಡಿದು, ಅದರ ಮೇಲೆ ತಗಡು ಹಾಸಿಸಿ, ಸುತ್ತ ಮಣ್ಣು ಮೆತ್ತಿಸಿದ. ಅದೇ ದಿನ ಪಾರ್ವತೆಮ್ಮನವರು ಮೆಣಸಿನಕಾಯಿ ಒಗ್ಗರಣೆ ಹಾಕಿದ್ದಕ್ಕೆ, ಕೆಟ್ಟ ಗಾಳಿ ಬಂದರೆ ಕೂಗುವ ಇನ್ನೊಂದು ಮಷೀನು ಕಿರುಚಿಕೊಂಡಿತು. ಪಂಪಾಪತಿ ಬಸುರಿ ಹೆಂಡತಿಯನ್ನು ಎಳೆದುಕೊಂಡು ಬೀದಿಗೆ ಓಡಿದ. ಓಣಿಯವರು ಬಹಳ ದಿನ ಅದನ್ನೇ ಹೇಳಿಕೊಂಡು ನಕ್ಕರು, ನಾನೂ ನಕ್ಕೆ.

ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ತನಕ ತಂದೆ ಕೂಸಿನ ಮುಖ ನೋಡುವ ಹಾಗಿಲ್ಲ, ಬಾಣಂತಿ ಕೋಣೆಗೆ ಗಂಡಸರು ಕಾಲಿಡುವ ಹಾಗಿಲ್ಲ ಎಂಬುದು ಆ ಮನೆಯ ಪದ್ಧತಿ. ಪಂಪಾಪತಿ ಒಪ್ಪಿಕೊಂಡ. ಹೆರಿಗೆಯಾಗಿ ಕೆಲವು ದಿನಕ್ಕೆ ಮಾನ್ವಿಯಲ್ಲಿ ಒಂದು ಹಳೆ ಮನೆಯ ಕೆಲಸ ಬೇಗ ಮುಗಿಯಿತು. "ದಸ್ತಗೀರಣ್ಣಾ, ದೇವದುರ್ಗಕ್ಕ ಹೋಗಿ ಬರೂನು. ಪಡಸಾಲ್ಯಾಗ ಕುಂತು ಕೂಸಿನ ದನಿಯರ ಕೇಳಿ ಬರ್ತೀನಿ" ಎಂದ. ಚಳಿಗಾಲದ ಮಧ್ಯಾಹ್ನ, ಬಿಸಿಲು ಹಿತವಾಗಿತ್ತು. ದಾರಿಯುದ್ದಕ್ಕೂ ಅವನು ಹೆಸರು ಹುಡುಕುತ್ತ ಖುಷಿಯಾಗಿದ್ದ.

ಪಾರ್ವತೆಮ್ಮ ನಮ್ಮಿಬ್ಬರಿಗೂ ನೀರು ಕೊಟ್ಟು, ಪಡಸಾಲೆಯಲ್ಲಿ ಚಾಪೆ ಹಾಸಿ, ಚಹಾ ತಂದರು. ಬಾಣಂತಿ ಕೋಣೆಯ ಕದ ಎದುರಿಗೇ ಇತ್ತು, ಮುಚ್ಚಿತ್ತು. ಕದದ ಸಂದಿಗೆಲ್ಲ ಹಳೆ ಸೀರೆಯ ತುಂಡು ತುರುಕಿದ್ದರು. ಕೂತು ಒಂದು ಗುಟುಕು ಚಹಾ ಕುಡಿದಿರಬೇಕು, ಪಂಪಾಪತಿಯ ಚೀಲದೊಳಗೆ ಮಷೀನು ಕೂಗತೊಡಗಿತು. ಮಾನ್ವಿಯಲ್ಲಿ ಅದನ್ನು ಆರಿಸಲು ಮರೆತಿದ್ದ.

ಪಾರ್ವತೆಮ್ಮನವರಿಗೆ ನಗು ಬಂತು. "ನಾ ಇನ್ನಾ ಒಗ್ಗರಣಿ ಹಾಕೇ ಇಲ್ಲ ಯಪ್ಪಾ, ಆಗಲೇ ಕೂಗಾಕತ್ತದ" ಎಂದರು.

ಪಂಪಾಪತಿಯೂ ನಾಚಿಕೊಂಡು ಅದನ್ನು ಆರಿಸಲು ಹೊರತೆಗೆದ. ಅದರ ಮೇಲಿನ ಅಂಕಿ ನೋಡಿದವನು ಆರಿಸಲಿಲ್ಲ. ಎದ್ದು ಅಂಗಳಕ್ಕೆ ಹೋದ, ಕೂಗು ನಿಂತಿತು. ಒಳಗೆ ಬಂದ, ಮತ್ತೆ ಶುರುವಾಯಿತು. ಬಾಣಂತಿ ಕೋಣೆಯ ಹೊಸ್ತಿಲಿನ ಹತ್ತಿರ ಬಗ್ಗಿ, ಬಟ್ಟೆಯ ತುಂಡು ಸ್ವಲ್ಪ ಸರಿಸಿ ಹಿಡಿದ. ಅಂಕಿ ಏರುತ್ತಲೇ ಹೋಯಿತು.

"ಒಳಗ ಬೆಂಕಿ ಅದ ಏನ್ರೀ ಅತ್ತಿ?"

"ಮತ್ತ ಇರಲ್ಲೇನು? ಬಾಣಂತಿ ಹೊರಸಿನ ಬಲ್ಲಿ ಅಗ್ಗಿಷ್ಟಿಗಿ ಇಟ್ಟೀನಿ. ಎರದ ಮ್ಯಾಲ ಮೈ ಕಾಸಬೇಕಲ್ಲ. ನಮ್ಮವ್ವ ನನಗೂ ಹಿಂಗೇ ಕಾಸಿದ್ಲು."

"ಕುಳ್ಳೋ, ಇದ್ದಲಿಯೋ?"

"ಇದ್ದಲಿ. ಕುಳ್ಳು ಹೊಗಿ ಆಗತದ, ಕೂಸಿಗೆ ಹೊಗಿ ಆಗಂಗಿಲ್ಲ ಅಂತ ನೀವೇ ಅಂದಿದ್ರಿ."

ಬೆರಣಿಯ ಹೊಗೆಗಿಂತ ಹೊಗೆ ಇಲ್ಲದ ಇದ್ದಲಿ ಕೆಂಡ ಇನ್ನೂ ಕೆಟ್ಟದ್ದು ಎಂದು ನನಗೆ ಆಗ ಗೊತ್ತಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಒಂದು ವಿಷದ ಗಾಳಿ ಹೊರಡುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡಿದವರಿಗೆ ಬರೀ ನಿದ್ದೆ ಬರುತ್ತದೆ. ಇದನ್ನು ಪಂಪಾಪತಿ ನನಗೆ ಆಮೇಲೆ ಹೇಳಿದ. ಆಗ ಅವನು ಏನನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಕದಕ್ಕೆ ಬಾಯಿ ಹಚ್ಚಿ "ವಿಜೀ" ಎಂದು ಕೂಗಿದ. ಉತ್ತರ ಬರಲಿಲ್ಲ.

"ಎರಕೊಂಡು ಮಲಗ್ಯಾಳ, ಎಬ್ಬಸಬ್ಯಾಡ್ರಿ" ಎಂದರು ಪಾರ್ವತೆಮ್ಮ.

"ಅಜ್ಜಿ ಎಲ್ಲಿ?"

"ಒಳಗೇ ಅದಾಳ, ಬೆಂಕಿ ನೋಡಿಕೋತ."

"ಅಜ್ಜೀ" ಎಂದು ಕದ ಬಡಿದ. ಅದಕ್ಕೂ ಉತ್ತರವಿಲ್ಲ. ಆಕೆಗೆ ಕಿವಿ ಕೇಳುವುದಿಲ್ಲ ಎಂದು ಪಾರ್ವತೆಮ್ಮ ನೆನಪಿಸಿದರು. ಕೂಸಿನ ದನಿ ಯಾಕಿಲ್ಲ ಎಂದರೆ, ಎಣ್ಣೆ ಹಚ್ಚಿ ಎರೆದ ಕೂಸು ಅಳುತ್ತದೆಯೇ ಎಂದರು. ಒಳಗಿನ ಮೌನಕ್ಕೆ ಅವರ ಬಳಿ ಕಾರಣಗಳಿದ್ದವು, ಒಂದೂ ಸುಳ್ಳಲ್ಲ. ಆದರೂ ಮೂರು ಜೀವ ಒಳಗಿವೆ, ಒಂದು ಕೆಮ್ಮು ಕೂಡ ಕೇಳಿಸುತ್ತಿಲ್ಲ.

ಪಂಪಾಪತಿ ಕದ ತಳ್ಳಿದ. ಒಳಗಿನಿಂದ ಅಗಳಿ ಹಾಕಿತ್ತು. ಪಾರ್ವತೆಮ್ಮ ಬಂದು ಕದಕ್ಕೆ ಬೆನ್ನು ಕೊಟ್ಟು ನಿಂತರು. ಅವರ ಮುಖದಲ್ಲೀಗ ನಗು ಇರಲಿಲ್ಲ. "ಹಸಿ ಬಾಣಂತಿ ಅದಾಳ. ಗಾಳಿ ಹೊಕ್ಕು ಸನ್ನಿ ಆದ್ರ ಯಾರ ಬರ್ತಾರ? ತೊಟ್ಟಲಕ್ಕ ಹಾಕೋ ತನಕ ತಡೀರಿ, ಆಮ್ಯಾಲ ನಿಮ್ಮ ಮಷೀನ್ ತಂದು ಏನ ಬೇಕಾದ್ರೂ ಮಾಡ್ಕೋರಿ."

ಅವರನ್ನು ನಾನು ಬೈಯುವುದಿಲ್ಲ. ಅವರಿಗೂ ಹೆದರಿಕೆಯೇ, ಮಗಳ ಜೀವದ ಹೆದರಿಕೆ. ನನಗೆ ಸಿಟ್ಟು ಬಂದದ್ದು ಪಂಪಾಪತಿಯ ಮೇಲೆ. ಅವನು ಕೈ ಜೋಡಿಸಿಕೊಂಡು ಅತ್ತೆಯ ಅಪ್ಪಣೆ ಕೇಳುತ್ತ ನಿಂತಿದ್ದ. "ಒಂದ ಸಲ ತಗಸ್ರೀ, ನಿಮ್ಮ ಕಾಲ ಬೀಳ್ತೀನಿ" ಎನ್ನುತ್ತಿದ್ದ. ಮಷೀನು ಅರಚುತ್ತಿತ್ತು.

"ಲೇ ಪಂಪಾಪತಿ, ಇನ್ನಾ ಏನ ಕೇಳ್ತಿ?" ಎಂದೆ.

ಅವನು ಮುಂದೆ ಬಂದು ಅತ್ತೆಯ ಎರಡೂ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ಆ ಮನೆಯಲ್ಲಿ ಅಳಿಯ ಅತ್ತೆಯ ಎದುರು ತಲೆಯೆತ್ತಿ ಕೂರುವುದೂ ಕಷ್ಟ. ಪಾರ್ವತೆಮ್ಮ ದಂಗಾಗಿ ಗೋಡೆಗೆ ಒರಗಿದರು. ನಾವಿಬ್ಬರೂ ಹೆಗಲು ಕೊಟ್ಟು ಗುದ್ದಿದೆವು. ಹಿಂದಿನ ಕಾಲದ ಸಾಗವಾನಿ ಕದ, ಅಲುಗಾಡಲಿಲ್ಲ. ಕಿಟಕಿಗೆ ಕಬ್ಬಿಣದ ಸರಳು, ಒಳಗಿನಿಂದ ಹಲಗೆ. ಪಂಪಾಪತಿ ಮೇಲೆ ನೋಡಿದ. ಉಳಿದದ್ದು ಬೆಳಕಿಂಡಿ ಒಂದೇ.

ಅಂಗಳದ ಏಣಿ ಹತ್ತಿ ಮಾಳಿಗೆಗೆ ಓಡಿದೆವು. ತಾನೇ ಮೆತ್ತಿಸಿದ್ದ ಮಣ್ಣನ್ನು ಅವನು ಉಗುರಿನಿಂದ ಕೆದರಿದ, ನಾನು ಕಾರಿನಿಂದ ಜಾಕ್ ರಾಡು ತಂದು ತಗಡು ಎಬ್ಬಿಸಿದೆ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಕೆಳಗೆ ಕತ್ತಲಲ್ಲಿ ಕೆಂಡ ಮಾತ್ರ ಕೆಂಪಗೆ ಕಾಣುತ್ತಿತ್ತು. ಬೆಳಕಿಂಡಿ ನನ್ನ ಹೊಟ್ಟೆಗೆ ಸಾಲುವಂತಿರಲಿಲ್ಲ, ಅವನದು ಕಡ್ಡಿ ಮೈ. ಅವನು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಹಲ್ಲು ಕಟಕಟ ಎನ್ನುತ್ತಿತ್ತು. "ಅಣ್ಣಾ, ನನಗ ಆಗಂಗಿಲ್ಲ" ಎಂದ. ಅವನು ಬಾಯಿ ತುಂಬ ಉಸಿರೆಳೆದು, ಮೂಗು ಹಿಡಿದು, ಬಿದ್ದ.

ದೊಪ್ಪನೆ ಸದ್ದಾಯಿತು. ಆಮೇಲೆ ಏನೂ ಇಲ್ಲ. ನನ್ನ ಆಯುಷ್ಯದಲ್ಲಿ ಅಷ್ಟು ಹೆದರಿದ್ದಿಲ್ಲ. ಯಾ ಅಲ್ಲಾ, ಇವನೂ ಮಲಗಿಬಿಟ್ಟನೇ ಎಂದುಕೊಂಡೆ. ಆಗ ಅಗಳಿ ಸರಿದ ಸದ್ದು ಕೇಳಿಸಿತು.

ನಾನು ಇಳಿದು ಬರುವಷ್ಟರಲ್ಲಿ ಅವನು ಕಾಲು ಎಳೆದುಕೊಂಡು ಕೂಸನ್ನು ಅಂಗಳಕ್ಕೆ ತಂದಿದ್ದ. ಪಾರ್ವತೆಮ್ಮ ಮತ್ತು ನಾನು ವಿಜಯಲಕ್ಷ್ಮಿಯನ್ನು ಹೊತ್ತು ತಂದೆವು. ತಲೆ ಜೋಲುತ್ತಿತ್ತು, ಉಸಿರು ಇತ್ತು. ಆದೆಮ್ಮಜ್ಜಿ ಅಗ್ಗಿಷ್ಟಿಕೆಯ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದಳು, ಒಂದು ಕೈ ಬಾಣಂತಿ ಮಲಗಿದ್ದ ಹೊರಸಿನ ಮೇಲಿತ್ತು. ಹೊರಸು ಬಾಗಿಲ ಕಡೆಗಿತ್ತು, ಅಜ್ಜಿ ಬೆಂಕಿಯ ಕಡೆಗೆ. ಎಲ್ಲರನ್ನೂ ಕಾರಿನಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಓಡಿಸಿದೆ. ದಾರಿಯಲ್ಲಿ ತೆರೆದ ಕಿಟಕಿಯ ಗಾಳಿಗೆ ವಿಜಯಲಕ್ಷ್ಮಿ ವಾಂತಿ ಮಾಡಿಕೊಂಡಳು. ಆಸ್ಪತ್ರೆಯ ಗೇಟಿನಲ್ಲಿ ಕೂಸು ಅತ್ತಿತು. ಪಂಪಾಪತಿ ಆ ಅಳು ಕೇಳಿ ನಕ್ಕನೋ ಅತ್ತನೋ ನನಗೆ ತಿಳಿಯಲಿಲ್ಲ. ಆಕ್ಸಿಜನ್ ಕೊಟ್ಟು, ರಾಯಚೂರಿಗೆ ಕಳಿಸಿ, ತಾಯಿ ಮಗು ಇಬ್ಬರನ್ನೂ ಉಳಿಸಿದರು. ಅಜ್ಜಿ ಏಳಲಿಲ್ಲ.

ಅಜ್ಜಿಯ ಮಣ್ಣಿಗೆ ಬಂದವರು, ವಯಸ್ಸಾಗಿತ್ತು, ಮರಿಮಗಳನ್ನು ಎರೆದು ಕಾಸಿ ಹೋದಳು, ಪುಣ್ಯವಂತೆ ಎಂದರು. ಪಾರ್ವತೆಮ್ಮ ಎಲ್ಲರಿಗೂ ಹೌದು ಹೌದು ಎನ್ನುತ್ತಿದ್ದರು.

ಅಜ್ಜಿಯ ಕಾರ್ಯಗಳೆಲ್ಲ ಮುಗಿದ ಮೇಲೆ ಪಂಪಾಪತಿ ಹೆಂಡತಿಯ ಬಟ್ಟೆಬರೆ ತರಲು ಹೋದ, ಗಾಡಿ ನನ್ನದೇ. ಪಾರ್ವತೆಮ್ಮ ಪಡಸಾಲೆಯಲ್ಲಿ ಕೂತಿದ್ದರು. ಅವರ ಸಣ್ಣ ಮಗಳು ಕಾವ್ಯಾ ಸಿಂಧನೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ, ದಿನ ತುಂಬುತ್ತಿವೆ, ಹೆರಿಗೆಗೆ ಇಲ್ಲಿಗೇ ಕರೆತರಬೇಕು. ಆ ಮಾತು ಈ ಮಾತು ಆಡಿ, ಕೊನೆಗೆ ಕೇಳಿದರು, "ಯಪ್ಪಾ, ನಮ್ಮವ್ವನೂ ಅದಕ್ಕೇ ಹೋದ್ಲೇನು? ಇಲ್ಲಾ ವಯಸ್ಸಾಗಿತ್ತಂತ ಹೋದ್ಲೋ?"

ವಯಸ್ಸಾಗಿತ್ತು ಎಂದು ಹೇಳಿಬಿಡು ಮಾರಾಯ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಪಂಪಾಪತಿ ಅವರೆದುರು, ಆ ದಿನ ಬೆಳಕಿಂಡಿಯ ಅಂಚಿನಲ್ಲಿ ಕೂತ ಹಾಗೆಯೇ, ಕೂತ. ನಿಜ ಹೇಳದೆ ಬಿಟ್ಟರೆ ಕಾವ್ಯಾಳ ಬಾಣಂತನಕ್ಕೆ ಆ ಕೋಣೆಯಲ್ಲಿ ಮತ್ತೆ ಅಗ್ಗಿಷ್ಟಿಕೆ ಹೊತ್ತುತ್ತದೆ, ಅದು ಅವನಿಗೂ ಗೊತ್ತು, ನನಗೂ ಗೊತ್ತು.

"ಅದಕ್ಕೇ ಹೋದ್ರು ಅತ್ತಿ. ಬೆಂಕಿ ನೀವು ಇಟ್ಟಿದ್ರಿ. ಬೆಳಕಿಂಡಿ ನಾ ಮುಚ್ಚಿಸಿದ್ದೆ."

ಪಾರ್ವತೆಮ್ಮ ಅಳಲಿಲ್ಲ. "ಅವ್ವಗ ತ್ರಾಸ ಆಗಿತ್ತೇನು?" ಎಂದರು.

"ಇಲ್ರೀ. ಬರೀ ನಿದ್ದಿ ಬರ್ತದ."

ಅವರು ಎದ್ದು ಒಳಗೆ ಹೋದರು. ಅಡುಗೆಮನೆಯಿಂದ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಅತ್ತ ಕಡೆ ಕಾವ್ಯಾ ಇರಬೇಕು. "ನಮ್ಮ ಮನಿಗೆ ಬರಬ್ಯಾಡವ್ವಾ. ಬಾಣಂತನ ಅಲ್ಲೇ ನಿಮ್ಮತ್ತಿ ಕಡಿಂದ ಮಾಡಿಸ್ಕೋ. ಯಾಕ ಅಂತ ಕೇಳಬ್ಯಾಡ. ನನಗ ನನ್ನ ಕೈ ನೋಡಿಕೊಂಡ್ರ ಅಂಜಿಕಿ ಬರ್ತದ" ಎನ್ನುತ್ತಿದ್ದರು.